ಭಟ್ಟಿ ಬಾಯಿಯ ಕರೆ

ಈಗ ಸಂಕ ಎಂದರೆ ತೋಳಿನ ಒಳಮೈಗೆ ಅಂಟಿಸಿಕೊಳ್ಳುವ ಒಂದು ಬಿಲ್ಲೆ. ನಾಲ್ಕಾಣೆಯಷ್ಟಗಲ. ನಾಲ್ಕಾಣೆ ಎಂದರೂ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ, ಅಂಗಿಯ ಗುಂಡಿಯಷ್ಟು ಎನ್ನೋಣ. ಮೊನ್ನೆ ಒಂದು ಮದುವೆಯಲ್ಲಿ ಬಡಿಸುತ್ತಿದ್ದ ಹುಡುಗಿಯ ತೋಳಿನಲ್ಲಿ ಅದನ್ನು ಕಂಡೆ. ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು.

"ಸಂಕವಾ ಮಗಾ?" ಎಂದು ಕೇಳಿದೆ.

"ಹೌದಜ್ಜ, ಮೂರು ವರ್ಷ ಇರುವಾಗಿಂದ ಉಂಟು. ಸಾರು ಹಾಕ್ಲಾ?"

ಅಷ್ಟೇ. ಕನ್ನಡಕ ಹಾಕಿದವರನ್ನು ಯಾರಾದರೂ ವಿಚಾರಿಸುತ್ತಾರೆಯೇ? ಅದೂ ಹಾಗೇ ಆಗಿದೆ. ನಾನು ಸಾರು ಹಾಕಿಸಿಕೊಂಡೆ. ಸಿಪ್ರಿಯ ನೆನಪಾಯಿತು, ಅವನ ತಾಯಿಯ ನೆನಪಾಯಿತು. ಬೋಳಾರದ ಹೊಳೆಬದಿಯ ಆ ಕಟ್ಟಡದ ನೆನಪಾಯಿತು.

ಆಗ ಸಂಕ ಎಂದರೆ ಒಂದು ಕೋಣೆಯ ತುಂಬ ಸಾಮಾನು. ಎರಡು ತೊಡೆಗೆ ಎರಡು ಪಟ್ಟಿ, ಎದೆಗೊಂದು ಪಟ್ಟಿ, ಪಟ್ಟಿಯಿಂದ ಹೊರಟ ವಯರುಗಳು, ಆ ವಯರು ಹೋಗಿ ಸೇರುವ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ. ಪಟ್ಟಿಗಳನ್ನು ಹೊಲಿದದ್ದು, ಅವುಗಳಿಗೆ ದೀಪ ಕೂರಿಸಿದ್ದು ನಾನು. ನಾನು ಓದಿದವನಲ್ಲ. ಕಂಕನಾಡಿಯಲ್ಲಿ ಮಿಕ್ಸಿ, ರೇಡಿಯೋ ರಿಪೇರಿ ಮಾಡುತ್ತಿದ್ದವನು. ಒಮ್ಮೆ ಬೋಳಾರದ ಆ ಕಟ್ಟಡದಲ್ಲಿದ್ದ ಪ್ರಯೋಗಾಲಯದ ಒಂದು ಯಂತ್ರ ಕೆಟ್ಟಿತು. ಬೆಂಗಳೂರಿನಿಂದ ಜನ ಬರಲು ಹದಿನೈದು ದಿನ ಆಗುತ್ತದೆ ಎಂದಾಗ ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ಮೈಮೂನಾ ನನ್ನನ್ನು ಕರೆಸಿದರು. ಅರ್ಧ ಗಂಟೆಯಲ್ಲಿ ಸರಿ ಮಾಡಿದೆ. ಆಮೇಲೆ ಅಲ್ಲಿಯೇ ಉಳಿದೆ. ಇಪ್ಪತ್ತಾರು ವರ್ಷ.

ಸಂಕ ಎಂಬ ಹೆಸರು ಮೈಮೂನಾ ಮೇಡಂ ಕೊಟ್ಟದ್ದು. ಅವರು ಉಳ್ಳಾಲದ ಕಡೆಯವರು; ಚಿಕ್ಕವರಿದ್ದಾಗ ಮದ್ರಸಕ್ಕೆ ಹೋಗಲು ಒಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕಿತ್ತಂತೆ. ತೋಡಿನ ಮೇಲೆ ಒಂದೇ ತೆಂಗಿನ ಮರದ ಕಾಂಡ. ಅದೇ ಸಂಕ. ಅವರು ಮದ್ದಾಗಿ ತಯಾರಿಸಿದ ಅಣುವಿನ ಕೆಲಸವೂ ಅದೇ ಆಗಿತ್ತು.

ನಾವು ತಿಂದದ್ದೆಲ್ಲ ಕೊನೆಗೆ ಜೀವಕೋಶದ ಒಳಗಿನ ಮೈಟೊಕಾಂಡ್ರಿಯಕ್ಕೆ ಹೋಗುತ್ತದೆ. ಅಲ್ಲಿ ಅನ್ನದಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ದಾಟಿಸುತ್ತಾರೆ. ಯಾರು ದಾಟಿಸುತ್ತಾರೆ ಎಂದು ಕೇಳಬೇಡಿ, ಪ್ರೋಟೀನುಗಳು. ಮೊದಲ ಕಟ್ಟೆ, ನಡುವಿನ ಕಟ್ಟೆ, ಕೊನೆಯ ಕಟ್ಟೆ. ಪ್ರತಿ ಕಟ್ಟೆಯಲ್ಲೂ ಎಲೆಕ್ಟ್ರಾನು ಒಂದಿಷ್ಟು ಕೆಳಗಿಳಿಯುತ್ತದೆ, ಆ ಇಳಿಯುವ ಬಲದಿಂದ ಪಂಪು ನಡೆದು ಪ್ರೋಟಾನುಗಳು ಟಾಂಕಿಗೆ ಏರುತ್ತವೆ. ಟಾಂಕಿ ತುಂಬಿದರೆ ಕೆಳಗೊಂದು ಚಕ್ರ ತಿರುಗುತ್ತದೆ. ನಿಜವಾಗಿಯೂ ತಿರುಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಂಡವರಿದ್ದಾರೆ. ನಾವು ಕೈ ಎತ್ತುವುದು, ಮಾತಾಡುವುದು, ಎವೆ ಮುಚ್ಚುವುದು ಎಲ್ಲ ಆ ಚಕ್ರದ ಪುಣ್ಯ. ಕೊನೆಯ ಕಟ್ಟೆಯಲ್ಲಿ ಆಮ್ಲಜನಕ ಕಾದಿರುತ್ತದೆ. ಎಲೆಕ್ಟ್ರಾನನ್ನು ಅದು ತೆಗೆದುಕೊಂಡು ನೀರಾಗುತ್ತದೆ. ನಾವು ಉಸಿರಾಡುವುದು ಆ ಕೊನೆಯ ಕಟ್ಟೆಗಾಗಿ ಮಾತ್ರ.

ಕೆಲವರಿಗೆ ಹುಟ್ಟಿನಿಂದಲೇ ಮೊದಲ ಕಟ್ಟೆ ಮುರಿದಿರುತ್ತದೆ. ನಮ್ಮ ಅಣು ಆ ಮುರಿದ ಜಾಗವನ್ನು ತಪ್ಪಿಸಿ ಎಲೆಕ್ಟ್ರಾನನ್ನು ನೇರ ನಡುವಿನ ಕಟ್ಟೆಗೆ ಮುಟ್ಟಿಸುತ್ತಿತ್ತು. ಕೆಂಪು ದೀಪ ಬಿದ್ದರೆ ಸಂಕ ತೆರೆಯುತ್ತದೆ, ದೀಪ ಆರಿದರೆ ಮುಚ್ಚುತ್ತದೆ. ಅದಕ್ಕೇ ತೊಡೆಗೆ ಪಟ್ಟಿ, ಪಟ್ಟಿಗೆ ದೀಪ.

ಏಳು ಜನರ ಮೇಲೆ ಮೊದಲ ಪ್ರಯೋಗ. ಮೂರನೆಯವನು ಸಿಪ್ರಿಯನ್, ನಮ್ಮೆಲ್ಲರ ಸಿಪ್ರಿ. ಮೂವತ್ತೊಂದು ವರ್ಷ, ಸಿಟಿ ಬಸ್ಸಿನ ಕಂಡಕ್ಟರ್. ಓಡುವ ಬಸ್ಸಿಗೆ ಹಾರಿ ಹತ್ತುತ್ತಿದ್ದವನು ಒಂದು ದಿನ ನಿಂತ ಬಸ್ಸಿಗೂ ಹತ್ತಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟನಂತೆ. ಒಂದು ವರ್ಷದಲ್ಲಿ ಕುತ್ತಿಗೆ ಎತ್ತಲಾಗದ ಸ್ಥಿತಿ. ಉಸಿರಾಟದ ಸ್ನಾಯುಗಳೂ ಸೋಲತೊಡಗಿದ್ದವು. ನಮ್ಮಲ್ಲಿಗೆ ಬಂದಾಗ ಗಾಲಿಕುರ್ಚಿಯಲ್ಲಿ ಗೋಣು ಮಡಚಿ ಕೂತಿದ್ದ. ತಮಾಷೆ ಮಾತ್ರ ಬಿಟ್ಟಿರಲಿಲ್ಲ.

"ನಿಮ್ಮ ಸಂಕ ಅಂದ್ರೆ ಎಂತದು ತಾರಾನಾಥಣ್ಣ?"

"ನಿನ್ನ ಬಸ್ಸಿನ ರೂಟಿನಲ್ಲಿ ಒಂದು ರಸ್ತೆ ಕುಸಿದಿದೆ ಅಂತಿಟ್ಟುಕೋ. ಇದು ಬದಲಿ ದಾರಿ."

"ಹಾಗಾದ್ರೆ ನಡುವಿನ ಸ್ಟಾಪಿನ ಪ್ಯಾಸೆಂಜರ್ ಎಲ್ಲ ಲಾಸು."

ಅವನು ಹೇಳಿದ್ದು ನಿಜ. ಮೊದಲ ಕಟ್ಟೆಯ ಪಂಪು ತಪ್ಪಿತಲ್ಲ, ಟಾಂಕಿಗೆ ನೀರು ಕಡಿಮೆ. ಅಷ್ಟೇ ಕೆಲಸಕ್ಕೆ ಹೆಚ್ಚು ಅನ್ನ ಉರಿಯಬೇಕು, ಉರಿದದ್ದೆಲ್ಲ ಶಾಖ. ಸಂಕ ಹಾಕಿಸಿಕೊಂಡವರ ಮೈ ಯಾವಾಗಲೂ ಬಿಸಿ.

ಅವನ ಗಾಲಿಕುರ್ಚಿ ತಳ್ಳಿಕೊಂಡು ಬಂದವರು ತಾಯಿ ಅಪೊಲಿನ್ ಬಾಯಿ. ಅರವತ್ತೆಂಟು ವರ್ಷ, ಕಡ್ಡಿಯಂಥ ಮೈ, ಕೈ ಮಾತ್ರ ಗಂಡಸರ ಕೈಯಂತೆ ಅಗಲ. ಬಾಗಿಲು ದಾಟಿದವರೇ ತಲೆ ಎತ್ತಿ ಹಂಚಿನ ಮಾಡು ನೋಡಿ ನಿಂತುಬಿಟ್ಟರು.

"ಇದು ನಮ್ಮ ಫ್ಯಾಕ್ಟರಿ ಅಲ್ವಾ!"

ಹೌದಾಗಿತ್ತು. ಪ್ರಯೋಗಾಲಯ ಇದ್ದದ್ದು ಮುಚ್ಚಿದ ಹಂಚಿನ ಕಾರ್ಖಾನೆಯೊಂದರ ಕಟ್ಟಡದಲ್ಲಿ. ಎತ್ತರದ ಮಾಡು, ಮರದ ಜಂತಿ, ಹಿತ್ತಲಲ್ಲಿ ಹೊಗೆಕೊಳವೆ ಎಲ್ಲ ಹಾಗೇ ಇತ್ತು. ಅಪೊಲಿನ್ ಬಾಯಿ ಹತ್ತೊಂಬತ್ತು ವರ್ಷ ಅಲ್ಲಿ ಹಂಚು ಸಾಗಿಸಿದವರು.

"ಇಲ್ಲಿ ಎಸಿ ಹಾಕಿದ್ದೀರಾ ಮಾರಾಯ್ರೆ?" ಎಂದು ನಮ್ಮ ನಿಯಂತ್ರಣ ಕೋಣೆಯೊಳಗೆ ಇಣುಕಿ ನಕ್ಕರು. "ಇದು ಭಟ್ಟಿ ಇದ್ದ ಜಾಗ. ನಾವಿರುವಾಗ ಇಲ್ಲಿ ಮೊಟ್ಟೆ ಇಟ್ರೆ ಬೇಯ್ತಿತ್ತು. ಈಗ ನಂಗೆ ಚಳಿ ಹಿಡೀತದೆ."

ಮೈಮೂನಾ ಮೇಡಂ ಅವರನ್ನು ಕೂರಿಸಿ, ಈ ಕಾಯಿಲೆ ತಾಯಿಯ ಕಡೆಯಿಂದ ಮಾತ್ರ ಬರುವಂಥದ್ದು, ಅದರಲ್ಲಿ ಯಾರ ತಪ್ಪೂ ಇಲ್ಲ ಎಂದು ವಿವರಿಸಿದರು. ಬಾಯಮ್ಮ ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದು ನನ್ನ ಹತ್ತಿರ ಮೆಲ್ಲಗೆ, "ಅಪ್ಪನ ಕಡೆಯಿಂದ ಒಂದು ಚೂರೂ ಇಲ್ವಂತಾ? ಪೂರಾ ನನ್ನ ಹೊಟ್ಟೆಯಿಂದ್ಲೇ?" ಎಂದು ಕೇಳಿದರು. "ಕುಡುಕನಾದ್ರೂ ಆ ಮನುಷ್ಯನೇ ಒಳ್ಳೆಯವ ಆದ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಮೊದಲ ಎರಡು ವಾರ ಹಬ್ಬ. ಸಂಕ ತೆರೆದ ಐದನೇ ದಿನ ಸಿಪ್ರಿ ಗೋಣೆತ್ತಿದ. ಒಂಬತ್ತನೇ ದಿನ ನಿಂತ. ಹನ್ನೊಂದನೇ ದಿನ ನನ್ನ ಹೆಗಲು ಹಿಡಿದು ಗೇಟಿನವರೆಗೆ ನಡೆದ. ಮೈಯೋ ಕಾದ ಕಾವಲಿ. ಬಾಯಮ್ಮ ಒದ್ದೆ ಟವೆಲು ಬೆನ್ನ ಮೇಲೆ ಹರಡಿದರೆ ಕಾಲು ಗಂಟೆಯಲ್ಲಿ ಗರಿಗರಿ.

"ಪುತಾ, ನಿನ್ನ ಬೆನ್ನ ಮೇಲೆ ಹಪ್ಪಳ ಒಣಗಿಸ್ತೇನೆ, ಅಲ್ಲಾಡ್ಬೇಡ."

"ಒಣಗಿಸಿ ಮಾಂಯ್, ಗಿರಾಕಿ ನಾನು ಕರೀತೇನೆ."

ಮೂರನೇ ವಾರ ಅವನ ತೊಡೆ ಕಲ್ಲಾಯಿತು. ಜ್ವರ ನೂರಮೂರು. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿತು. ಸ್ನಾಯು ಕರಗಿ ರಕ್ತಕ್ಕೆ ಸೇರುತ್ತಿದೆ ಎಂದು ಅರ್ಥ. ಶಕ್ತಿ ಸಾಲುತ್ತಿಲ್ಲ ಎಂದುಕೊಂಡು ಮೈಮೂನಾ ಮೇಡಂ ಸಂಕವನ್ನು ಇನ್ನಷ್ಟು ತೆರೆದರು. ಇನ್ನಷ್ಟು ಕೆಟ್ಟಿತು. ಕಡಿಮೆ ಮಾಡಿದರೆ ಉಸಿರು ಸೋಲುತ್ತಿತ್ತು. ಪ್ರಯೋಗದ ಮೇಲ್ವಿಚಾರಣೆಗೆ ಒಂದು ಸಮಿತಿ ಇತ್ತು. ಬುಧವಾರ ಅದರ ಪತ್ರ ಬಂತು: ಶನಿವಾರದೊಳಗೆ ಸುಧಾರಣೆ ಕಾಣದಿದ್ದರೆ ಮೂರನೇ ರೋಗಿಯ ಸಂಕ ಮುಚ್ಚತಕ್ಕದ್ದು.

ಮುಚ್ಚಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕುತ್ತಿಗೆ ಮತ್ತೆ ಮಡಚುತ್ತದೆ. ಆಮೇಲೆ ಉಸಿರಾಟದ ಯಂತ್ರ. ಆಮೇಲೆ ಹೆಚ್ಚು ದಿನ ಇಲ್ಲ.

ಈಗ ನನ್ನ ತಪ್ಪನ್ನು ಹೇಳಬೇಕು. ರೋಗಿಗಳಿಗೆ ಅಳೆದ ಆಹಾರ ಮಾತ್ರ ಕೊಡಬೇಕೆಂಬ ನಿಯಮವಿತ್ತು. ಇಷ್ಟು ಗ್ರಾಂ ಅನ್ನ, ಇಷ್ಟು ಎಣ್ಣೆ. ಅಪೊಲಿನ್ ಬಾಯಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ದಿನ ಗೇಟಿನ ಹೊರಗೆ ನನ್ನನ್ನು ಹಿಡಿದು ನಿಲ್ಲಿಸಿ ಒಂದು ಟಿಫಿನ್ನು ಕೈಯಲ್ಲಿಟ್ಟರು. ಒಳಗೆ ರಾಗಿ ಮಣ್ಣಿ. ಬೆಲ್ಲ, ತೆಂಗಿನಹಾಲು, ಮೇಲೆ ತುಪ್ಪದ ಗೆರೆ.

"ಬಾಯಮ್ಮ, ಕೊಡ್ಲಿಕ್ಕಿಲ್ಲ ಅಂತ ಹೇಳಿದ್ದಾರೆ."

"ಹೇಳ್ತಾರೆ. ಹೊಟ್ಟೆಗೆ ಹಾಕದಿದ್ರೆ ನಿಮ್ಮ ಮೆಷಿನಿಗೆ ಕರೆಂಟು ಎಲ್ಲಿಂದ ಬರ್ತದೆ? ನೀನು ತಾಯಿ ಕೈಯ ಊಟ ಮಾಡಿ ದೊಡ್ಡವ ಆದವ ಅಲ್ವಾ?"

ಆ ಮಾತಿಗೆ ಯಾರು ಇಲ್ಲ ಎನ್ನುತ್ತಾರೆ? ಹನ್ನೆರಡು ದಿನ ಟಿಫಿನ್ನು ಸಾಗಿಸಿದೆ. ಟಿಫಿನ್ನು ಸ್ವಲ್ಪ ದೊಡ್ಡದೇ. ಸಿಪ್ರಿ ತಿನ್ನುವುದನ್ನು ನೋಡಿ ನನಗೂ ಹೊಟ್ಟೆ ತುಂಬುತ್ತಿತ್ತು.

ಗುರುವಾರ ಬೆಳಿಗ್ಗೆ ಮೇಡಂ ಹತ್ತಿರ ಬಾಯಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು.

"ನಿಮ್ಗೆ ಮಂಡೆ ಸಮ ಇಲ್ವಾ ತಾರಾನಾಥ? ಇಷ್ಟು ದಿನದಿಂದ ಲೆಕ್ಕ ತಪ್ಪುತ್ತಾ ಉಂಟು, ನಾನು ನನ್ನ ಅಣುವನ್ನು ಬೈತಾ ಇದ್ದೇನೆ!"

"ಮಣ್ಣಿ ನಿಲ್ಲಿಸಿದರೆ ಸರಿಯಾಗ್ತದಾ ಮೇಡಂ?"

"ಸ್ವಲ್ಪ. ಪೂರ್ತಿ ಇಲ್ಲ. ಹೆಚ್ಚು ಅನ್ನ ಬಂದದ್ದಕ್ಕೆ ಬೇಗ ಕೆಟ್ಟಿತು, ಅಷ್ಟೇ. ನಿಧಾನಕ್ಕೆ ಹೇಗೂ ಕೆಡ್ತಿತ್ತು." ಅವರ ಸ್ವರ ಇಳಿಯಿತು. "ನಾವು ಸಂಕ ತೆರೆದಿಟ್ಟಿದ್ದೇವೆ, ಎಲೆಕ್ಟ್ರಾನು ಬಂದು ಬೀಳ್ತಾ ಉಂಟು. ಮುಂದಿನವರ ಕೈ ತುಂಬಿದೆ. ಹಿಡೀಲಿಕ್ಕೆ ಜನ ಇಲ್ಲದೆ ದಾರಿಯಲ್ಲಿ ಬಿದ್ದದ್ದು ಸಿಕ್ಕಿದ್ದನ್ನೆಲ್ಲ ಸುಡ್ತದೆ. ಅದೇ ಜ್ವರ. ಹೋಗಿ, ಆ ತಾಯಿಗೆ ನೀವೇ ಹೇಳಿ. ನನ್ನಿಂದಾಗುವುದಿಲ್ಲ."

ಅಪೊಲಿನ್ ಬಾಯಿಯ ಮನೆ ಜೆಪ್ಪುವಿನ ಇಳಿಜಾರಿನಲ್ಲಿತ್ತು. ಹೋದಾಗ ಅಡುಗೆಮನೆಯಲ್ಲಿ ಮಣ್ಣಿ ಕದಡುತ್ತಿದ್ದರು. ಹೇಗೆ ಹೇಳುವುದೆಂದು ತಿಳಿಯದೆ ಅವರಿಗೆ ಗೊತ್ತಿರುವುದರಿಂದಲೇ ಹೇಳಿದೆ: ಎಲೆಕ್ಟ್ರಾನು ಎಂದರೆ ಹಂಚು ಎಂದುಕೊಳ್ಳಿ, ಸಾಲಾಗಿ ನಿಂತ ಹೆಂಗಸರು ಕೈಯಿಂದ ಕೈಗೆ ಸಾಗಿಸುತ್ತಿದ್ದಾರೆ, ಮೊದಲಲ್ಲಿ ನಿಂತವಳು ಎಡೆಬಿಡದೆ ಕೊಡುತ್ತಿದ್ದಾಳೆ, ಮುಂದಿನವರ ಕೈ ತುಂಬಿ ಹಂಚು ಕಾಲ ಮೇಲೆ ಬೀಳುತ್ತಿದೆ. ಮಣ್ಣಿ ಹಾಕಿದ್ದಕ್ಕೆ ರಾಶಿ ಇನ್ನೂ ಬೆಳೆಯಿತು.

ಬಾಯಮ್ಮ ಸೌಟು ನಿಲ್ಲಿಸಿದರು. ಒಲೆ ಆರಿಸಿದರು. ನಾನು ಅಳು ಬರುತ್ತದೆ ಎಂದುಕೊಂಡೆ. ಬಂದದ್ದು ಸಿಟ್ಟು.

"ಹಾಗಾದ್ರೆ ನಿಮ್ಮ ಸಾಲಿನಲ್ಲಿ ಕೊಡುವವಳು ಯಾರ ಮಾತು ಕೇಳಿ ಕೊಡ್ತಾಳೆ?"

"ಯಾರ ಮಾತೂ ಇಲ್ಲ. ನಾವು ದೀಪ ಹಚ್ಚಿದ್ದೇವೆ, ಕೊಡ್ತಾ ಇರ್ತಾಳೆ."

"ಯಾವ ಬೇವರ್ಸಿ ಮೇಸ್ತ್ರಿ ಹಾಗೆ ಕೆಲಸ ಮಾಡಿಸ್ತಾನೆ ಮಾರಾಯ?" ಸೊಂಟಕ್ಕೆ ಕೈಯಿಟ್ಟು ನಿಂತರು. "ನಮ್ಮಲ್ಲಿ ನಲ್ವತ್ತು ಹೆಂಗಸರ ಸಾಲು. ಮೊದಲಿನವಳಿಗೆ ಹಂಚು ಕೊಡ್ಲಿಕ್ಕೆ ಅಧಿಕಾರವೇ ಇರ್ಲಿಲ್ಲ. ಕರೆಯುವುದು ಕೊನೆಗೆ ಭಟ್ಟಿ ಬಾಯಿಯಲ್ಲಿ ಹಂಚು ಒಳಗೆ ಕೊಡ್ತಾ ನಿಂತವಳು. ಅವಳು 'ಬರ್ಲೀ' ಅಂತ ಕರೆದ್ರೆ ಅವಳ ಹಿಂದಿನವಳು ಕರೀತಾಳೆ, ಅವಳ ಹಿಂದಿನವಳು... ಕರೆ ಹಿಂದೆ ಹೋಗ್ತದೆ, ಹಂಚು ಮುಂದೆ ಬರ್ತದೆ. ಇಡೀ ಸಾಲು ಕೊನೆಯವಳ ಮಾತಿನಲ್ಲಿ."

"ಭಟ್ಟಿ ಬಾಯಿಯಲ್ಲಿ ಯಾರಿರ್ತಿದ್ರು?"

"ಹನ್ನೊಂದು ವರ್ಷ ನಾನೇ. ಮೊದಲು ಗುಲಾಬಿ ಅಂತ ಇದ್ದಳು, ಅವಳ ಸ್ವರ ಹೋಯ್ತು ಅಂತ ನನ್ನನ್ನು ನಿಲ್ಲಿಸಿದ್ರು." ಮಣ್ಣಿಯ ಪಾತ್ರೆಗೆ ಮುಚ್ಚಳ ಹಾಕಿದರು. "ನಿಮ್ಮ ಯಂತ್ರದಲ್ಲಿ ಕೊನೆಯವಳು ಕಾಣ್ತಾಳಾ?"

ಕಾಣುತ್ತಿದ್ದಳು. ಕೊನೆಯ ಕಟ್ಟೆಯಲ್ಲಿ ತಾಮ್ರ ಇದೆ. ಕೈ ತುಂಬಿದಾಗ ಅದು ಬೆಳಕನ್ನು ಹೀರುವ ರೀತಿ ಒಂದು, ಖಾಲಿಯಾದಾಗ ಇನ್ನೊಂದು. ಚರ್ಮದ ಹೊರಗಿನಿಂದಲೇ ಅದನ್ನು ಓದಬಹುದು, ನಮ್ಮ ಪಟ್ಟಿ ಓದುತ್ತಲೂ ಇತ್ತು. ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ನೋಡಲು ನಾನು ಪರದೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಮಾಡಿಕೊಂಡಿದ್ದೆ: ತುಂಬಿದರೆ ಕಂದು, ಖಾಲಿಯಾದರೆ ಹಸಿರು. ಅದು ದಾಖಲೆಗೆ ಮಾತ್ರ. ಅದನ್ನು ಕೇಳಿ ದೀಪ ಹಚ್ಚಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮುರಿದದ್ದು ಮೊದಲ ಕಟ್ಟೆಯಾದ್ದರಿಂದ ಎಲ್ಲರ ಕಣ್ಣೂ ಮೊದಲ ಕಟ್ಟೆಯ ಮೇಲೆಯೇ ಇತ್ತು.

ಅಂದೇ ಹಿಂದೆ ಹೋಗಿ ಹೇಳಿದಾಗ ಮೈಮೂನಾ ಮೇಡಂ ನಗಲಿಲ್ಲ. ಕಾಗದದ ಮೇಲೆ ಏನೋ ಬರೆದು ಹೊಡೆದುಹಾಕಿದರು, ಮತ್ತೆ ಬರೆದರು.

"ಸರಿ ಅನಿಸ್ತದೆ. ಆದ್ರೆ ಯಂತ್ರದ ಪ್ರೋಗ್ರಾಂ ಬದಲಾಯಿಸ್ಲಿಕ್ಕೆ ಅನುಮತಿ ಬೇಕು. ಹತ್ತು ದಿನ ಹಿಡೀತದೆ. ನಮ್ಗಿರುವುದು ನಾಳೆ ಒಂದು ದಿನ."

"ಕೈಯಿಂದ ಹಚ್ಚುವ ಸ್ವಿಚ್ಚು ಉಂಟಲ್ಲ ಮೇಡಂ, ತುರ್ತಿಗೆ ಅಂತ."

"ಉಂಟು." ನನ್ನನ್ನು ನೋಡಿದರು. "ಒಂದು ಗಂಟೆ. ನಾನು ಚೌಕ ನೋಡ್ತೇನೆ, ನೀವು ಸ್ವಿಚ್ಚು. ಸ್ವಲ್ಪ ಏರುಪೇರಾದ್ರೂ ನಿಲ್ಲಿಸುವುದು."

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದೆವು. ಗಾಜಿನ ಆಚೆ ಸಿಪ್ರಿ ಮಲಗಿದ್ದ, ಕಣ್ಣು ಮುಚ್ಚಿ, ಹಣೆಯ ಮೇಲೆ ಮಂಜುಗಡ್ಡೆಯ ಚೀಲ. ನಡುವಿನ ಬಾಗಿಲು ತೆರೆದಿತ್ತು. ಅಪೊಲಿನ್ ಬಾಯಿ ಗೋಡೆಗೆ ಒರಗಿ ನಿಂತಿದ್ದರು. ಒಂದೊಂದು ಎಲೆಕ್ಟ್ರಾನಿಗೆ ಕರೆಯುವುದಲ್ಲ, ಅದು ಕೋಟಿಗಟ್ಟಲೆ. ದೀಪ ಎರಡು ಸೆಕೆಂಡು ಹಚ್ಚಿದರೆ ಸಾಲು ತುಂಬುತ್ತಿತ್ತು. ಖಾಲಿಯಾಗಲು ನಾಲ್ಕೋ ಏಳೋ ಸೆಕೆಂಡು, ಒಮ್ಮೊಮ್ಮೆ ಒಂದೊಂದು ಲೆಕ್ಕ.

ಚೌಕ ಹಸಿರಾಯಿತು. "ಈಗ" ಎಂದರು ಮೇಡಂ. ನಾನು ಸ್ವಿಚ್ಚು ಒತ್ತಿದೆ. ಕಂದಾಯಿತು. ಕಾದೆವು. ಹಸಿರು. "ಈಗ."

ಇಪ್ಪತ್ತು ನಿಮಿಷ ಕಳೆಯಿತು. ಜ್ವರ ಏರಲಿಲ್ಲ, ಒಳ್ಳೆಯದೇ. ಆದರೆ ಸಿಪ್ರಿಯ ಉಸಿರು ತೆಳ್ಳಗಾಗತೊಡಗಿತು. ಆಮ್ಲಜನಕದ ಅಂಕಿ ತೊಂಬತ್ತೊಂದು, ತೊಂಬತ್ತು, ಎಂಬತ್ತೊಂಬತ್ತು.

"ಸಾಕಾಗ್ತಿಲ್ಲ" ಎಂದರು ಮೇಡಂ. "ಸುಡುವುದು ನಿಂತಿತು, ಆದ್ರೆ ಹಸಿವಾಗ್ತಾ ಉಂಟು. ನಿಲ್ಲಿಸುವಾ."

"ನೀವು ತಡ ಮಾಡ್ತೀರಿ ಅಮ್ಮ." ಗೋಡೆಯ ಹತ್ತಿರದಿಂದ ಸ್ವರ.

"ಎಂತ?"

"ಕೈ ಖಾಲಿ ಆದ ಮೇಲೆ ಕರೆದ್ರೆ ಹಂಚು ಬರುವ ತನಕ ಸುಮ್ಮನೆ ನಿಲ್ಬೇಕು. ಅಷ್ಟು ಹೊತ್ತು ಭಟ್ಟಿ ಉಪವಾಸ. ಖಾಲಿ ಆಗ್ತಾ ಇರುವಾಗ ಕರೀಬೇಕು." ಅವರು ಮುಂದೆ ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ನೋಡಿ, ಹಸಿರಾಗುವ ಮೊದ್ಲು ಅದೊಮ್ಮೆ ನಡುಗ್ತದೆ. ಕಾಣ್ತದಾ?"

ನಮಗೆ ಕಾಣಲಿಲ್ಲ. ನಾನೇ ಮಾಡಿದ ಚೌಕ. ನನಗೂ ಕಾಣಲಿಲ್ಲ.

ಮೈಮೂನಾ ಮೇಡಂ ಎರಡು ಕ್ಷಣ ಯೋಚಿಸಿದರು. ಆಮೇಲೆ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಕೂತ್ಕೊಳ್ಳಿ."

"ಕೂತು ಕರೀಲಿಕ್ಕೆ ಬರುವುದಿಲ್ಲ" ಎಂದರು ಬಾಯಮ್ಮ. ಚಪ್ಪಲಿ ಕಳಚಿ ಬದಿಗಿಟ್ಟು, ಕಾಲು ಅಗಲಿಸಿ ನಿಂತರು.

"ಬರ್ಲೀ!"

ಆ ಕೋಣೆಯಲ್ಲಿ ಅಷ್ಟು ದೊಡ್ಡ ಸ್ವರವನ್ನು ಯಾರೂ ಕೇಳಿರಲಿಲ್ಲ. ನಾನು ಬೆಚ್ಚಿ ಸ್ವಿಚ್ಚು ಒತ್ತಿದೆ. ಚೌಕ ಆಗಷ್ಟೇ ಹಸಿರಾಗುತ್ತಿತ್ತು.

"ಬರ್ಲೀ!"

"ಬಾಯಮ್ಮ, ಸ್ವಲ್ಪ ಮೆಲ್ಲಗೆ..."

"ಮೆಲ್ಲಗೆ ಕರೆದ್ರೆ ಯಾರಿಗೆ ಕೇಳ್ತದೆ? ಸ್ವಿಚ್ಚು ನೋಡು ನೀನು. ಬರ್ಲೀ!"

ಕರೆಯ ನಡುವಿನ ಅಂತರ ಪ್ರತಿ ಸಲ ಬೇರೆ. ಒಮ್ಮೆ ಬೇಗ, ಒಮ್ಮೆ ತಡೆದು. ಒಮ್ಮೆ ಬಾಯಿ ತೆರೆದವರು ಕೈ ಎತ್ತಿ ನಿಲ್ಲಿಸಿ, "ಇಲ್ಲ, ಇವಳಿಗೆ ಸುಸ್ತು" ಎಂದು ಮತ್ತೆರಡು ಸೆಕೆಂಡು ಕಾದರು. ಇವಳು ಯಾರೆಂದು ನಾವು ಕೇಳಲಿಲ್ಲ. ಎಂಬತ್ತೊಂಬತ್ತರ ಅಂಕಿ ಅಲ್ಲೇ ನಿಂತಿತು. ತೊಂಬತ್ತಾಯಿತು. ಹತ್ತೂವರೆಗೆ ತೊಂಬತ್ತನಾಲ್ಕು. ಮೈಮೂನಾ ಮೇಡಂ ಒಂದು ಗಂಟೆಯ ಮಾತನ್ನು ಮತ್ತೆ ಎತ್ತಲಿಲ್ಲ. ಪಕ್ಕದಲ್ಲಿ ನಿಂತು ಪ್ರತಿ ಕರೆಯ ಹೊತ್ತನ್ನು ಗುರುತು ಹಾಕುತ್ತಿದ್ದರು.

ಹನ್ನೊಂದೂವರೆಯ ಹೊತ್ತಿಗೆ ಬಾಯಮ್ಮನ ಸ್ವರ ಸೀಳತೊಡಗಿತು. ಬಿಸಿನೀರು ಕೊಟ್ಟೆವು. ಕರೆಯ ನಡುವೆ ಗುಟುಕು ಹಾಕುತ್ತ ಮುಂದುವರಿಸಿದರು. ಹನ್ನೆರಡಾಯಿತು. ಹನ್ನೆರಡೂಕಾಲಿಗೆ ಒಂದು ಸಲ ಬಾಯಿ ತೆರೆದರು, ಗಾಳಿ ಮಾತ್ರ ಬಂತು.

ನಾನು ಅವರ ತುಟಿ ನೋಡಿ ಸ್ವಿಚ್ಚು ಒತ್ತಿದೆ. ತಡವಾಯಿತು. ಮುಂದಿನ ಸಲ ಬೇಗವಾಯಿತು. ಪರದೆಯಲ್ಲಿ ಕಂದು ಗಟ್ಟಿಯಾಗತೊಡಗಿತು. ಮೇಡಂ ನನ್ನ ಕೈ ಹಿಡಿದರು. "ನಿಲ್ಲಿಸಿ ತಾರಾನಾಥ. ಕಣ್ಣಂದಾಜಿನಲ್ಲಿ ಮಾಡ್ಲಿಕ್ಕಾಗುವುದಿಲ್ಲ." ಬಾಯಮ್ಮ ಗಂಟಲು ಹಿಡಿದುಕೊಂಡು ಅವರ ಮುಖ ನೋಡಿದರು. ಆ ನೋಟವನ್ನು ನಾನು ಬರೆಯುವುದಿಲ್ಲ.

"ಬರ್ಲಿ."

ಸಣ್ಣ ಸ್ವರ. ಬಾಗಿಲಾಚೆಯಿಂದ.

ಸಿಪ್ರಿ ಕಣ್ಣು ಮುಚ್ಚಿಯೇ ಇದ್ದ. ಅವನ ಮಂಚದಿಂದ ಪರದೆ ಕಾಣುವಂತೆಯೂ ಇರಲಿಲ್ಲ. ಚೌಕ ನೋಡಿದೆ: ಕಂದಿನಿಂದ ಹಸಿರಿಗೆ ತಿರುಗುತ್ತಿತ್ತು. ನನ್ನ ಕೈ ತಾನಾಗಿಯೇ ಒತ್ತಿತು.

ಐದು ಸೆಕೆಂಡು. "ಬರ್ಲಿ." ಹಸಿರು.

ನಾಲ್ಕು ಸೆಕೆಂಡು. "ಬರ್ಲಿ."

"ಸಿಪ್ರಿಯನ್," ಮೈಮೂನಾ ಮೇಡಂ ಬಾಗಿಲ ಹತ್ತಿರ ಹೋಗಿ ಕೇಳಿದರು, "ನಿನಗೆ ಹೇಗೆ ಗೊತ್ತಾಗ್ತದೆ?"

"ಗೊತ್ತಿಲ್ಲ ಮೇಡಂ. ಮಾಂಯ್ ಕರೆಯುವಾಗ ಪ್ರತಿ ಸಲ ತೊಡೆ ಒಳಗೆ ಯಾರೋ ಕೈ ಚಾಚಿದ ಹಾಗೆ... ಬರ್ಲಿ... ಈಗ ಮಾಂಯ್ ಕರೀದಿದ್ರೂ ಚಾಚ್ತಾರೆ."

ಬಾಯಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಮಗ ಎರಡೂಕಾಲು ಗಂಟೆ ಕರೆದ. ನಾನು ಒತ್ತಿದೆ. ಯಾರೂ ಊಟಕ್ಕೆ ಏಳಲಿಲ್ಲ. ಎರಡೂವರೆಗೆ ರಕ್ತ ತೆಗೆದು ಪರೀಕ್ಷಿಸಿದರು. ಜ್ವರ ಶುರುವಾದಂದಿನಿಂದ ಏರುತ್ತಲೇ ಇದ್ದ, ಸ್ನಾಯು ಸೋತಾಗ ರಕ್ತಕ್ಕೆ ಸೇರುವ ಆಮ್ಲದ ಅಂಕಿ ಮೊದಲ ಬಾರಿಗೆ ಇಳಿದಿತ್ತು. ಮೇಡಂ ಆ ಚೀಟಿಯನ್ನು ಎರಡು ಸಲ ಓದಿ ಬಾಯಮ್ಮನ ಪಕ್ಕದಲ್ಲಿ ತಾವೂ ನೆಲಕ್ಕೆ ಕೂತರು.

ಸಮಿತಿ ಹತ್ತು ದಿನ ಹೆಚ್ಚು ಕೊಟ್ಟಿತು. ಆ ಹತ್ತು ದಿನ ಸಿಪ್ರಿ ಎಚ್ಚರವಿದ್ದಾಗ ಅವನೇ ಕರೆದ, ಮಲಗಿದಾಗ ಬಾಯಮ್ಮ ಕಂಚಿನ ಲೋಟಕ್ಕೆ ಚಮಚ ಬಡಿದು ಹೇಳುತ್ತಿದ್ದರು; ಸ್ವರ ಮರಳಿ ಬರಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅನುಮತಿ ಬಂತು. ಮೇಡಂ ಗುರುತು ಹಾಕಿಕೊಂಡಿದ್ದ ಸಾವಿರಾರು ಕರೆಗಳನ್ನು ಯಂತ್ರಕ್ಕೆ ಕಲಿಸಿದರು: ಹಸಿರಾಗುವ ಮುನ್ನ ಎಷ್ಟು ಮೊದಲು, ಯಾವಾಗ ತಡೆದು, ಯಾವಾಗ ಸುಮ್ಮನೆ. ಇಂದು ಎಲ್ಲರ ತೋಳಿನ ಬಿಲ್ಲೆಯಲ್ಲಿ ಇರುವುದು ಆ ಲೆಕ್ಕವೇ, ಎಷ್ಟೋ ಪಾಲು ಚುರುಕಾಗಿ. ಸದ್ದಿಲ್ಲ. ಬಡಿಸುವ ಹುಡುಗಿಗೆ ಒಳಗೆ ಯಾರು ಕರೆಯುತ್ತಾರೆಂದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಅಪೊಲಿನ್ ಬಾಯಿ ಮತ್ತೆ ನಾಲ್ಕು ವರ್ಷ ಇದ್ದರು. ಕಾರ್ಖಾನೆಯ ಕಟ್ಟಡ ಉರುಳಿ ಆ ಜಾಗದಲ್ಲಿ ಹದಿನಾಲ್ಕು ಅಂತಸ್ತು ಎದ್ದಿದೆ. ಮೈಮೂನಾ ಮೇಡಂ ಈಗ ಮಗಳ ಮನೆಯಲ್ಲಿದ್ದಾರೆ, ಪೆರ್ನಾಲಿಗೆ, ಅಂದರೆ ಈದ್ ಹಬ್ಬಕ್ಕೆ, ತಪ್ಪದೆ ಫೋನು ಮಾಡುತ್ತಾರೆ.

ಸಿಪ್ರಿ ಆಮೇಲೆ ಹದಿನೇಳು ವರ್ಷ ಬದುಕಿದ. ಬಸ್ಸಿನ ಕೆಲಸ ಮತ್ತೆ ಸಾಧ್ಯವಾಗಲಿಲ್ಲ. ಆ ಕಾಲದ ಸಂಕ ಓಟಕ್ಕೆ ಸಾಲುವಂಥದ್ದಲ್ಲ. ಸ್ಟೇಟ್ ಬ್ಯಾಂಕಿನ ಹತ್ತಿರದ ಬಸ್ ನಿಲ್ದಾಣದಲ್ಲಿ ಒಂದು ಹೂವಿನ ಅಂಗಡಿ ಇಟ್ಟ. ಸಂಜೆ ಇಬ್ಬರೂ ಹೊಳೆಯ ಕಡೆ ನಡೆಯುತ್ತಿದ್ದೆವು. ಮೂವತ್ತು, ನಲವತ್ತು ಹೆಜ್ಜೆಗೊಮ್ಮೆ ಅವನು ನಿಲ್ಲುತ್ತಿದ್ದ. ಮಾತಿನ ನಡುವೆಯೂ ನಿಲ್ಲುತ್ತಿದ್ದ, ಶಬ್ದ ಅರ್ಧದಲ್ಲಿ ಬಿಟ್ಟು. ಗೊತ್ತಿಲ್ಲದವರು ಮರೆವು ಎಂದುಕೊಳ್ಳುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ಒಳಗೆ ಯಾರದೋ ಕೈ ಖಾಲಿಯಾಗುವವರೆಗೆ ನಾವಿಬ್ಬರೂ ಸುಮ್ಮನೆ ನೀರು ನೋಡುತ್ತಿದ್ದೆವು. ಆಮೇಲೆ ಅವನು ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದ.

ಅವನು ಹೋಗಿ ಆರು ವರ್ಷವಾಯಿತು. ನನ್ನ ಮೈಯಲ್ಲಿ ಯಾವ ಸಂಕವೂ ಇಲ್ಲ, ಎಲ್ಲ ಕಟ್ಟೆಗಳೂ ವಯಸ್ಸಿಗೆ ತಕ್ಕ ಹಾಗೆ ನಡೆಯುತ್ತಿವೆ. ಮದುವೆ ಊಟ ಮುಗಿಸಿ ಮನೆಗೆ ಹೊರಟವನು ರಸ್ತೆಯ ನಡುವೆ ನಿಂತುಬಿಟ್ಟಿದ್ದೆ. ಹಿಂದಿನಿಂದ ಒಬ್ಬ ಸ್ಕೂಟರು ನಿಲ್ಲಿಸಿ ಕೇಳಿದ:

"ಎಂತಜ್ಜ, ಸುಸ್ತಾಯ್ತಾ?"

"ಇಲ್ಲ ಮಾರಾಯ. ಜೊತೆಗೊಬ್ಬ ಇದ್ದ" ಎಂದೆ.

ಅವನು ಸುತ್ತ ನೋಡಿದ, ನನ್ನನ್ನು ನೋಡಿದ, ಗಾಡಿ ಬದಿಯಿಂದ ತೆಗೆದುಕೊಂಡು ಹೋದ. ನಾನು ಇನ್ನೂ ನಾಲ್ಕೈದು ಸೆಕೆಂಡು ನಿಂತು, ಆಮೇಲೆ ನಡೆದೆ.